ಕಲಮಜೂ ಒಪ್ಪಂದ ಮತ್ತು ಒಂದು ಖಾಲಿ ದ್ವೀಪ

ಇರುನ್, ಸ್ಪೇನ್
6 ನವೆಂಬರ್ 1999

ಪ್ರೀತಿಯ ಷಹನಾಜ್ ಆಪಾಗೆ ತಮ್ಮ ಅಲೀಮನ ಸಲಾಂ.

ನಾನೂ ಆಯೆಷಾಳೂ ಕ್ಷೇಮ. ಆಬರ್ನ್ ಹಿಲ್ಸ್‌ನ ಮನೆಗೆ ಬೀಗ ಹಾಕಿ, ಹುಲ್ಲು ಕತ್ತರಿಸುವ ಕೆಲಸವನ್ನು ಪಕ್ಕದ ಮನೆಯವನ ತಲೆಗೆ ಕಟ್ಟಿ ಬಂದು ಎರಡು ತಿಂಗಳಾಯಿತು. ಇಲ್ಲಿನ ಕಾರ್ಖಾನೆಯಲ್ಲಿ ಬ್ರೇಕು ತಯಾರಾಗುತ್ತದೆ. ಅದು ನಮ್ಮ ಡೆಟ್ರಾಯಿಟ್ ಕಡೆಯ ಕಾರಿಗೆ ಏಕೆ ಸರಿಯಾಗಿ ಕೂರುವುದಿಲ್ಲ ಎಂದು ನೋಡಿ ಹೇಳುವುದು ನನ್ನ ಕೆಲಸ. ಒಂದೂವರೆ ವರ್ಷ ನೋಡಬೇಕಂತೆ.

ಫೋನ್ ಬಿಟ್ಟು ಕಾಗದ ಏಕೆಂದು ನಿನಗೆ ಹೇಳಬೇಕಾಗಿಲ್ಲ. ನಾನು 'ಆಪಾ' ಎನ್ನುವಷ್ಟರಲ್ಲಿ ನಿಮ್ಮ ಅಡಿಗೆಮನೆಯ ಇನ್ನೊಂದು ಫೋನು ಮೆಲ್ಲಗೆ ಮೇಲೆದ್ದು ಅಮ್ಮಿಯ ಉಸಿರು ಕೇಳಿಸುತ್ತದೆ. ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬಾರದು. ಅರಸೀಕೆರೆಯ ಸರ್ಕಾರಿ ಶಾಲೆಯಲ್ಲಿ ಬೆತ್ತದೇಟು ತಿಂದು ಕಲಿತ ಅಕ್ಷರ ಕೊನೆಗೂ ಅಂತರರಾಷ್ಟ್ರೀಯ ವ್ಯವಹಾರಕ್ಕೆ ಒದಗಿತು.

ಈ ಊರಿನ ವಿಷಯ ಬರೆಯುತ್ತೇನೆ. ನನಗೆ ಅರ್ಥವಾಗಿದೆ ಎಂದು ಮಾತ್ರ ತಿಳಿಯಬೇಡ. ನಡುವೆ ಬಿದಾಸೋವಾ ಎಂಬ ನದಿ. ಈ ದಡ ಸ್ಪೇನು, ಆ ದಡ ಫ್ರಾನ್ಸು. ಎರಡೂ ದಡದ ಜನ ತಾವು ಎರಡೂ ಅಲ್ಲ, ಬಾಸ್ಕ್ ಎನ್ನುತ್ತಾರೆ. ಒಂದು ಜೇಬಿನಲ್ಲಿ ಪೆಸೆಟಾ, ಇನ್ನೊಂದರಲ್ಲಿ ಫ್ರಾಂಕ್. ಬ್ರೆಡ್ಡಿಗೆ ಸೇತುವೆ ದಾಟಿ ಆಚೆ ಹೋಗುತ್ತಾರೆ, ಸಿಗರೇಟಿಗೆ ಆಚೆಯವರು ಈಚೆ ಬರುತ್ತಾರೆ. ಸೇತುವೆಯ ಬಳಿ ತಪಾಸಣೆಯ ಕಿಟಕಿ ಇದೆ, ಒಳಗೆ ಯಾರೂ ಕೂತಿಲ್ಲ. ಗಡಿ ಎಲ್ಲಿ ಎಂದು ಕೇಳಿದರೆ, ತೀರಿಹೋದ ದೊಡ್ಡಪ್ಪನನ್ನು ನೆನೆದವರಂತೆ "ಇತ್ತು" ಎನ್ನುತ್ತಾರೆ. ಎರಡು ದೇಶದ ರೈಲುಹಳಿಗಳ ಅಗಲವೂ ಬೇರೆ ಬೇರೆ. ಜನ ಗಂಟುಮೂಟೆ ಹೊತ್ತು ಗಾಡಿ ಬದಲಾಯಿಸುತ್ತಾರೆ. ರೈಲಿನ ಹುಚ್ಚಿನ ಅಬ್ಬಾ ಇದ್ದಿದ್ದರೆ ಅರಸೀಕೆರೆ ಜಂಕ್ಷನ್ನೇ ಮತ್ತೆ ಸಿಕ್ಕಿತೆಂದು ಇಲ್ಲೇ ಕುರ್ಚಿ ಹಾಕಿಕೊಳ್ಳುತ್ತಿದ್ದರು.

ಈಗ ಮುಖ್ಯ ವಿಷಯ. ಈ ನದಿಯ ನಡುವೆ ನಮ್ಮೂರ ಸಂತೆಮಾಳದಷ್ಟೂ ಇಲ್ಲದ ಒಂದು ದ್ವೀಪ. ಯಾರದೆಂದು ಬಗೆಹರಿಯದೆ ಎರಡು ದೇಶಗಳೂ ಪಾಳಿ ಹಾಕಿಕೊಂಡಿವೆ. ಫೆಬ್ರವರಿಯಿಂದ ಜುಲೈವರೆಗೆ ಸ್ಪೇನಿನದು, ಆಗಸ್ಟಿನಿಂದ ಜನವರಿವರೆಗೆ ಫ್ರಾನ್ಸಿನದು. ಆಪಾ, ಇದು ನಾವು ಅಮ್ಮಿಯ ಬಗ್ಗೆ ಮಾಡಿಕೊಂಡ ಕಲಮಜೂ ಒಪ್ಪಂದ! ಫೆಬ್ರವರಿಯಿಂದ ಜುಲೈ ನನ್ನ ಪಾಳಿ, ಆಗಸ್ಟಿನಿಂದ ಜನವರಿ ನಿನ್ನದು. ನಿಮ್ಮೂರಿಗೂ ನಮ್ಮೂರಿಗೂ ನಡುವಿನ ಐ-94 ಹೆದ್ದಾರಿಯ ಮಧ್ಯದಾರಿಯಲ್ಲಿ, ಕಲಮಜೂ ಎಕ್ಸಿಟ್ಟಿನ ಪ್ಯಾನ್‌ಕೇಕ್ ಹೋಟೆಲಿನ ಪಾರ್ಕಿಂಗ್ ಲಾಟಿನಲ್ಲಿ ಅಮ್ಮಿ, ಅಮ್ಮಿಯ ಟ್ರಂಕು, ನಮಾಜಿನ ಚಾಪೆ ಜಾನಮಾಜು, ಉಪ್ಪಿನಕಾಯಿ ಜಾಡಿ ಇವುಗಳ ವಿಧ್ಯುಕ್ತ ಹಸ್ತಾಂತರ. ಯುರೋಪಿನ ರಾಜಮಹಾರಾಜರು ತಲೆ ಕೆಡಿಸಿಕೊಂಡು ಕಂಡುಹಿಡಿದದ್ದನ್ನು ನಾವು ಕಾಫಿ ಕುಡಿಯುವಷ್ಟರಲ್ಲಿ ಮುಗಿಸಿದ್ದೆವು.

ಬರುವ ಫೆಬ್ರವರಿ ಒಂದಕ್ಕೆ ನನ್ನ ಪಾಳಿ ಶುರು. ಆದರೆ ನಾನು ಇಲ್ಲಿ. ಆದ್ದರಿಂದ ಆವತ್ತಿನಿಂದ ನೀನು ಸತತವಾಗಿ ಎರಡು ಪಾಳಿ ನೋಡಿಕೊಂಡು, ನಾನು ಬಂದ ಮೇಲೆ ನಾನೂ ಸತತವಾಗಿ ಎರಡು ಪಾಳಿ ನೋಡಿಕೊಂಡರೆ ಹೇಗೆ? ಯೋಚಿಸಿ ಬರೆ.

ನಿನ್ನ
ಅಲೀಮ್

ಸ್ಕೋಕಿ, ಇಲಿನಾಯ್
19 ನವೆಂಬರ್ 1999

ಚಿರಂಜೀವಿ ಅಲೀಮ್,

ನಿನ್ನ ದ್ವೀಪಪುರಾಣ ತಲುಪಿತು. ಎರಡು ಪುಟ ನದಿ, ಹಳಿ, ಬ್ರೆಡ್ಡು. ನಮ್ಮ ತಾಯಿಗೆ ಮೂರು ಸಾಲು. ಸಣ್ಣವನಿದ್ದಾಗಲೂ ಮಾರ್ಕ್ಸ್ ಕಾರ್ಡನ್ನು ಹೀಗೆಯೇ ಕ್ರಿಕೆಟ್ ಸುದ್ದಿಯ ಕೆಳಗೆ ಇಟ್ಟು ಅಬ್ಬಾನ ಸಹಿ ಹಾಕಿಸುತ್ತಿದ್ದೆ.

ಒಪ್ಪಂದದಲ್ಲಿ 'ಸತತ' ಎಂಬ ಪದ ಇಲ್ಲ. ನಾನು ಆಗುವುದಿಲ್ಲ ಎನ್ನುತ್ತಿಲ್ಲ. ಆಗುತ್ತದೆ ಎಂದೂ ಅಲ್ಲ. ಅಮ್ಮಿ ಮಲಗುವುದು ಸುಬಿಯಾಳ ಕೋಣೆಯಲ್ಲಿ. ನನ್ನ ಮಗಳಿಗೆ ಹದಿನೈದು ತುಂಬಿದೆ, ಬಟ್ಟೆಬರೆ ಇಡುವ ಕ್ಲಾಸೆಟ್ಟು ಅವಳ ದೇಶ. ಮೊನ್ನೆ "ಮಾಮ್, ನಾನೀಸ್ ಟ್ರಂಕ್ ಈಸ್ ಆನ್ ಮೈ ಶೂಸ್!" ಎಂದು ಮೇಲಿನಿಂದ ಕೂಗಿದಳು, ಅಜ್ಜಿಯ ಟ್ರಂಕು ತನ್ನ ಶೂಗಳ ಮೇಲೆ ಕೂತಿದೆಯಂತೆ. ಅಮ್ಮಿ ಕೆಳಗಿನಿಂದ "ಅದಕ್ಕೆ ಇನ್ನೂ ಕಾಲಿಲ್ಲಮ್ಮ, ಶೂ ಹಾಕ್ಕೊಂಡು ಓಡಿಹೋಗಲ್ಲ" ಎಂದರು. ಇಬ್ಬರೂ ಬೇರೆ ಬೇರೆ ಭಾಷೆಯಲ್ಲಿ ಜಗಳವಾಡುತ್ತಾರೆ, ಸಂಜೆ ಒಂದೇ ಟೀವಿ ನೋಡುತ್ತಾರೆ.

ಹಗಲು ಅಮ್ಮಿ ನಮ್ಮ ಕನ್ನಡಕದ ಅಂಗಡಿಗೆ ಬರುತ್ತಾರೆ. ಸುಬಿಯಾ ಬಸ್ಸು ಹತ್ತುವುದನ್ನು ಕಲಿಸಿದ್ದಾಳೆ, ಈಗ ಅಂಗಡಿಯಿರುವ ಡೆವಾನ್ ಬೀದಿಗೆ ತಾವೇ ಬಂದಿಳಿಯುತ್ತಾರೆ. ಹೋದ ವಾರ ಒಬ್ಬ ಗಿರಾಕಿಗೆ "ಈ ಫ್ರೇಮಲ್ಲಿ ನೀನು ರಿಟೈರಾದ ಪೋಸ್ಟ್‌ಮಾಸ್ಟರ್ ಥರ ಕಾಣ್ತೀಯಪ್ಪ" ಎಂದರು. ಆತ ಖುಷಿಯಾಗಿ ಅದನ್ನೇ ಕೊಂಡ. ಅವನು ನಿಜಕ್ಕೂ ರಿಟೈರಾದ ಪೋಸ್ಟ್‌ಮಾಸ್ಟರಂತೆ, ಗುಜರಾತಿನವನು.

ನಿನಗೆ ನಿನ್ನ ಪಾಳಿ ಭಾರವೆನಿಸಿದ್ದರೆ ನದಿ ದಾಟಿಸದೆ ನೇರ ಬರೆ.

ಆಪಾ

ಇರುನ್
4 ಡಿಸೆಂಬರ್ 1999

ಆಪಾ,

ಭಾರ ಎಂದು ನಾನು ಎಲ್ಲಿ ಬರೆದೆ? ಮೂರು ಸಲ ಯೋಚಿಸಿದೆ. ನೀನು ಕ್ಲಾಸೆಟ್ಟಿನ ವಿಷಯ ಬರೆದದ್ದರಿಂದ ನಿನಗೆ ಭಾರವಾಗಿದೆ, ಬಾಯಿಬಿಟ್ಟು ಹೇಳಲು ನಾಚಿಕೆ ಎಂದು ತಿಳಿದುಕೊಂಡೆ. ಆಗಲಿ. ನಿನಗೆ ಅಷ್ಟು ಕಷ್ಟವಾದರೆ ಇಲ್ಲಿಗೇ ಕಳಿಸು. ಶಿಕಾಗೋದಲ್ಲಿ ಸ್ಪೇನಿನವರ ವೀಸಾ ಕಚೇರಿ ಇದೆ. ಫೆಬ್ರವರಿ ಒಂದಕ್ಕೆ ಕಲಮಜೂ ಬದಲು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಹಸ್ತಾಂತರ ಮಾಡಿಕೊಳ್ಳುತ್ತೇನೆ. ಪಾಳಿ ಎಂದರೆ ಪಾಳಿ, ನಾನು ತಪ್ಪುವವನಲ್ಲ.

ಇಲ್ಲಿ ನಮ್ಮ ಕಟ್ಟಡದ ನೆಲಮಹಡಿಯ ಮನೆಯಲ್ಲಿ ಕೋಲ್ಡೋ ಎಂಬವನಿದ್ದಾನೆ, ಹರಕು ಇಂಗ್ಲಿಷ್ ಬಲ್ಲವನು. ಮೊದಲು ಗಡಿಯಲ್ಲಿ ಲಾರಿಗಳ ಸುಂಕದ ಕಾಗದ ನೋಡಿಕೊಡುವ ಕೆಲಸ. ಊರಿನ ಅರ್ಧ ಜನ ಅದನ್ನೇ ಮಾಡುತ್ತಿದ್ದರಂತೆ. ಗಡಿ ತೆಗೆದರು, ಕೆಲಸವೂ ಹೋಯಿತು. ಈಗಲೂ ದಿನಾ ಬೆಳಿಗ್ಗೆ ಸೇತುವೆಯ ಬಳಿ ನಿಂತು ಹೋಗುವ ಲಾರಿಗಳನ್ನು ನೋಡಿ, "ಯಾವ ಲಾರೀಲಿ ಏನಿದೆ ಅಂತ ಈಗ ಯಾರಿಗೂ ಗೊತ್ತಿಲ್ಲ" ಎಂದು ತಲೆಯಾಡಿಸಿ ಬರುತ್ತಾನೆ. ಗಡಿ ಇದ್ದಾಗ ಈ ಊರಿನವರೆಲ್ಲ ಅದನ್ನು ಬೈಯುತ್ತಿದ್ದರಂತೆ. ಈಗ ಬೈಯಲೂ ಇಲ್ಲದೆ ಒಂದು ಥರ ತಬ್ಬಿಬ್ಬಾಗಿದ್ದಾರೆ.

ಇವನು ಹೋದ ಶುಕ್ರವಾರ ಮೂರು ಮಹಡಿ ಹತ್ತಿ ಬಂದು, ಬಾಗಿಲಲ್ಲಿ ಟೋಪಿ ತೆಗೆದು, ತನ್ನ ಅಡಿಗೆ ಸಂಘಕ್ಕೆ ನಮ್ಮನ್ನು ಕರೆದ. ಇಲ್ಲಿ ಗಂಡಸರು ಸಂಘ ಕಟ್ಟಿಕೊಂಡು ಅಡಿಗೆ ಮಾಡುತ್ತಾರೆ! ಸದಸ್ಯ ಬಾಯಿಬಿಟ್ಟು ಕರೆದವರಿಗೆ ಮಾತ್ರ ಪ್ರವೇಶ. ಅವನ ಸಂಘದ ಹಳೆಯ ನಿಯಮದ ಪ್ರಕಾರ ಹೆಂಗಸರು ಮೇಜಿಗೆ ಬರಬಹುದು, ಒಲೆ ಮುಟ್ಟಕೂಡದು. ಆಯೆಷಾ "ಇಂಥ ಕಾನೂನು ಬರೆದವನಿಗೆ ಸ್ವರ್ಗ ಸಿಗಲಿ" ಎಂದು ಹರಸಿ ಕಾಲು ಚಾಚಿ ಕೂತಳು. ನಾನು ಹಂದಿಮಾಂಸ ತಿನ್ನುವುದಿಲ್ಲ, ಕುಡಿಯುವುದಿಲ್ಲ ಎಂದಾಗ ಸದಸ್ಯರೆಲ್ಲ ತಲೆಗೆ ತಲೆ ಸೇರಿಸಿ ಸಭೆ ನಡೆಸಿದರು. ಆಮೇಲೆ ಕೋಲ್ಡೋ ಒಂದು ಮೀನು ಎತ್ತಿ ನನ್ನ ಮುಂದಿಟ್ಟು "ಹಾಗಾದರೆ ನೀನು ಮಾಡು" ಎಂದ. ಅಮ್ಮಿಯ ಹುಣಸೆಹುಳಿ ಮೀನುಸಾರು ನೆನಪಿಸಿಕೊಂಡು ಏನೋ ಮಾಡಿದೆ. ಎಲ್ಲ ತಿಂದರು. ಒಬ್ಬ ಮುದುಕ ಕಣ್ಣೊರೆಸಿಕೊಂಡ. ರುಚಿಗೋ ಖಾರಕ್ಕೋ ಕೇಳುವ ಧೈರ್ಯ ಬರಲಿಲ್ಲ.

ಅಮ್ಮಿ ಮೆಂತ್ಯ ಮೊದಲು ಹಾಕುತ್ತಿದ್ದರೋ ಕೊನೆಗೋ? ನಾನು ಕೇಳಿದೆ ಅನ್ನಬೇಡ.

ಅಲೀಮ್

ಸ್ಕೋಕಿ
21 ಡಿಸೆಂಬರ್ 1999

ಅಲೀಮ್,

'ನಿನಗೆ ಅಷ್ಟು ಕಷ್ಟವಾದರೆ ಕಳಿಸು' ಎಂದೆ. ಹೆತ್ತ ತಾಯಿ ಎಂದರೆ ಅಂಗಡಿಗೆ ವಾಪಸು ಮಾಡುವ ಮಿಕ್ಸಿಯೇ? ರಂಜಾನಿನ ರೋಜಾದಲ್ಲಿದ್ದೇನೆ, ಬೈಯುವಂತಿಲ್ಲ. ಬೈಗುಳವನ್ನೆಲ್ಲ ಈದ್‌ವರೆಗೆ ಎತ್ತಿಟ್ಟಿದ್ದೇನೆ, ಬಡ್ಡಿಸಮೇತ ಬರುತ್ತದೆ.

ನೀನೇ ಕಳಿಸು ಎಂದ ಮೇಲೆ ನಾನು ಇಟ್ಟುಕೊಂಡರೆ, ತಮ್ಮನ ಪಾಳಿ ಕಿತ್ತುಕೊಂಡಳು ಎಂದಾಗುತ್ತದೆ. ಹಾಗಾಗಿ ಜನವರಿಗೆ ವೀಸಾ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ.

ಅಮ್ಮಿಗೆ ಹೇಳುವುದು ಹೇಗೆಂದು ತಿಳಿಯದೆ, ನಿನ್ನೆ ಇಫ್ತಾರ್ ಆದ ಮೇಲೆ ನಿನ್ನ ಮೊದಲ ಕಾಗದದ ದ್ವೀಪದ ಭಾಗವನ್ನು ನಮ್ಮ ಮನೆಮಾತಿಗೆ ತಿರುಗಿಸಿ ಓದಿದೆ. ಕಲಮಜೂ ಹೋಲಿಕೆಯನ್ನು ಹಾರಿಸಿಬಿಟ್ಟೆ. ಅಮ್ಮಿ ಖರ್ಜೂರದ ಬೀಜ ತಟ್ಟೆಯ ಅಂಚಿಗೆ ಜೋಡಿಸುತ್ತ ಕೇಳಿದರು.

"ಆ ದ್ವೀಪದಲ್ಲಿ ಯಾರಿದ್ದಾರೆ?"

"ಯಾರೂ ಇರೋ ಹಾಗೆ ಬರೆದಿಲ್ಲ ಅಮ್ಮಿ."

"ಹಾಗಾದ್ರೆ ಸುಲಭ ಬಿಡು" ಎಂದು ತಟ್ಟೆ ಎತ್ತಿಕೊಂಡು ಎದ್ದುಹೋದರು.

ಏನು ಸುಲಭ? ಯಾರಿಗೆ ಸುಲಭ? ರಾತ್ರಿಯಿಡೀ ಯೋಚಿಸಿದರೂ ತಲೆಗೆ ಹೋಗಲಿಲ್ಲ. ಬೆಳಿಗ್ಗೆ ಅಮ್ಮಿಯ ಮುಂದೆ ಸ್ಪೇನಿಗೆ ಹೋಗುವ ಸುದ್ದಿ ತೆಗೆದೆ. "ಸರಿ, ಅವನ ಪಾಳಿ ತಾನೇ" ಎಂದರು. ಖುಷಿಯೋ ಬೇಜಾರೋ ಮುಖ ನೋಡಿ ಹೇಳಲಾಗಲಿಲ್ಲ. ಕನ್ನಡಕ ಮಾರುವವಳು ನಾನು, ದಿನವಿಡೀ ಜನರ ಮುಖವನ್ನೇ ನೋಡುತ್ತೇನೆ. ನನ್ನ ತಾಯಿಯ ಮುಖ ಓದಲು ನಂಬರ್ ಸಿಗುತ್ತಿಲ್ಲ.

ಮೆಂತ್ಯ ಕೊನೆಗೆ. ನೀನು ಕೇಳಿದೆ ಎಂದೇ ಹೇಳಿದೆ.

ಆಪಾ

ಸ್ಕೋಕಿ
13 ಜನವರಿ 2000

ಅಲೀಮ್,

ಹೊಸ ಸಹಸ್ರಮಾನಕ್ಕೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಹೆದರಿಸಿದ್ದರು, ಯಾವುದೂ ಕೈಕೊಡಲಿಲ್ಲ. ಕೈಕೊಟ್ಟದ್ದು ನಾವಿಬ್ಬರು. ಕೂತು ಓದು.

ಇವತ್ತು ವೀಸಾ ಕಚೇರಿಗೆ ಹೋಗಿದ್ದೆವು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಅಮ್ಮಿ ಈದಿನ ಶಾಲು ಹೊದ್ದು, ಪಾಸ್‌ಪೋರ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದಿದ್ದರು. ಕಿಟಕಿಯ ಆಚೆ ಒಬ್ಬ ಹುಡುಗಿ, ಬಹಳ ಮರ್ಯಾದೆಯವಳು. ಎಲ್ಲ ನೋಡಿ, "ಆಹ್ವಾನ ಪತ್ರ ಎಲ್ಲಿದೆ? ಇವರನ್ನು ಯಾರು ಕರೆದಿದ್ದಾರೆ?" ಎಂದು ಕೇಳಿದಳು. ನಾನು ಬ್ಯಾಗು ತಡಕಾಡಿದೆ. ನಿನ್ನ ಮನೆಯ ವಿಳಾಸ ಇತ್ತು, ಕಾರ್ಖಾನೆಯ ಪತ್ರ ಇತ್ತು, ಕರೆದ ಪತ್ರ ಇರಲಿಲ್ಲ. ಏನು ಕೇಳುತ್ತಿದ್ದಾಳೆಂದು ಅಮ್ಮಿಗೆ ಹೇಳಿದೆ. ನಾನು ಹುಡುಗಿಗೆ ಏನಾದರೂ ಹೇಳುವ ಮುಂಚೆ ಅಮ್ಮಿಯೇ ಕಿಟಕಿಗೆ ಬಗ್ಗಿ, ಡೆವಾನ್ ಬೀದಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು:

"ನೋಬಡಿ ಕಾಲ್ ಮಿ. ಹಿಸ್ ಟರ್ನ್."

ಹುಡುಗಿಗೆ ತಿಳಿಯಲಿಲ್ಲ. ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವಳು ಮೆತ್ತಗೆ, "ಇವರಿಗೆ ಹೋಗಲು ಇಷ್ಟವಿದೆಯೇ, ಕೇಳಿ" ಎಂದಳು. ನಾನು ಕೇಳಿದೆ.

ಅಮ್ಮಿ ನಕ್ಕರು, ಅಲೀಮ್. "ಇದನ್ನ ಕೇಳೋಕೆ ಒಬ್ಬರು ಸಿಕ್ಕಿದರು ನೋಡು! ಅದಕ್ಕೆ ಇಷ್ಟು ದೂರ ಬರಬೇಕಾಯ್ತು" ಎಂದು ಪಾಸ್‌ಪೋರ್ಟನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡರು. ಆ ಹುಡುಗಿಗೆ ದುವಾ ಮಾಡಿ ಹೊರಟೇಬಿಟ್ಟರು.

ಕಾರಿನಲ್ಲಿ ನಾನು, "ಮಗನ ಮನೆಗೆ ಕರೀಬೇಕಾ ಅಮ್ಮಿ? ನಿಮ್ಮದೇ ಮನೆ ಅಲ್ವಾ?" ಎಂದೆ.

"ನಂದೇ ಆದ್ರೆ ಬೀಗದ ಕೈ ಎಲ್ಲಿ? ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಗ್ಯಾರೇಜಿನ ಬಾಗಿಲು ತಾನಾಗಿ ತೆರ್ಕೊಳ್ಳುತ್ತೆ, ನಾನು ಒಳಗೆ ಬರ್ತೀನಿ, ಸಾಮಾನಿನ ಜೊತೆ."

ಸರೋವರದ ದಂಡೆಯ ಲೇಕ್ ಶೋರ್ ಡ್ರೈವ್ ರಸ್ತೆ ಮುಗಿಯಿತು. ಆಮೇಲೆ ಅಮ್ಮಿಯೇ, "ಮೊಹಲ್ಲಾದಲ್ಲಿ ದಾವತ್ ಇದ್ರೆ ಪಕ್ಕದ ಮನೆಗೂ ಹೋಗಿ ಬಾಯಿಬಿಟ್ಟು ಕರೀತಿದ್ವಿ. ಗೋಡೆ ಒಂದೇ ಅಂತ ಬಿಡೋ ಹಾಗಿರಲಿಲ್ಲ. ಕರೀಲಿಲ್ಲ ಅಂತ ನಿಮ್ಮ ಅಬ್ಬಾ ಸ್ವಂತ ತಮ್ಮನ ಮನೆ ಬಿರಿಯಾನಿ ಬಿಟ್ಟು ಮನೇಲಿ ಅನ್ನ-ಮೊಸರು ತಿಂದರು. ನಾನು ನಾಲ್ಕು ವರ್ಷದಿಂದ ಕರೀದೆ ತಿಂತಿದೀನಿ" ಎಂದರು.

ಮನೆಗೆ ಬಂದು, "ಅಮ್ಮಿ, ನೀವು ಎಲ್ಲೂ ಹೋಗಬೇಡಿ, ಇಲ್ಲೇ ಇರಿ" ಎಂದೆ. "ಜನವರಿ ಮುಗಿಯೋವರೆಗೆ ನಿಂದೇ ಅಲ್ವಾ, ಇರ್ತೀನಿ" ಎಂದರು. ಕೋಪವಿಲ್ಲ. ಕೋಪವಿದ್ದರೆ ನನಗೆ ಗೊತ್ತಿರುವ ದಾರಿ.

ನನಗೆ ಒಂದೂ ತಿಳಿಯುತ್ತಿಲ್ಲ. ಇಷ್ಟು ವರ್ಷ 'ನಿಮಗೆ ಎಲ್ಲಿ ಇರಬೇಕು ಅಮ್ಮಿ' ಎಂದು ನಾನು ಕೇಳದೇ ಇದ್ದದ್ದು ಬೇರೆ ಯಾವ ಕಾರಣಕ್ಕೂ ಅಲ್ಲ. ನಿನ್ನ ಹೆಸರು ಹೇಳಿಬಿಟ್ಟರೆ ಏನು ಮಾಡಲಿ? ಪಾಳಿಯಾದರೆ ಅರ್ಧವಾದರೂ ಸಿಗುತ್ತದೆ. ನೀನೇಕೆ ಕೇಳಲಿಲ್ಲ?

ಷಹನಾಜ್

ಇರುನ್
26 ಜನವರಿ 2000

ಆಪಾ,

ನಾನೇಕೆ ಕೇಳಲಿಲ್ಲ ಎಂಬುದಕ್ಕೆ ಉತ್ತರವನ್ನು ನೀನೇ ಬರೆದಿದ್ದೀ. ಹೆಸರೊಂದನ್ನು ಬದಲಾಯಿಸಿ ಓದಿಕೋ.

ನಿನ್ನ ಕಾಗದವನ್ನು ಆಯೆಷಾಳಿಗೆ ಓದಿದೆ. ಅರ್ಧ ಗಂಟೆ ಮಾತಾಡಲಿಲ್ಲ. ಮಾತಾಡಿದ ಮೇಲೆ, ಮೊದಲಿನ ಅರ್ಧ ಗಂಟೆಯೇ ಚೆನ್ನಾಗಿತ್ತು ಅನಿಸಿತು. "ಊರುಕೇರಿ ಗೊತ್ತಿಲ್ಲದ ಕೋಲ್ಡೋ ಮೂರು ಮಹಡಿ ಹತ್ತಿ ಟೋಪಿ ತೆಗೆದು ಕರೆದ. ನೀವು ತಾಯೀನ ಅಕ್ಕನ ಹತ್ರ ಪಾರ್ಸಲ್ ಕಳಿಸು ಅಂದ್ರಿ" ಎಂದಳು. ತಾಯಿಯನ್ನು ಕರೆಯುವುದು ಎಂದರೆ ಅವಳನ್ನು ನೆಂಟಳನ್ನಾಗಿ ಮಾಡಿದಂತಲ್ಲವೇ ಎಂದು ವಾದಿಸಿದೆ. ವಾದ ನನ್ನ ಬಾಯಲ್ಲಿದ್ದಾಗ ಚೆನ್ನಾಗಿತ್ತು, ಹೊರಗೆ ಬಂದ ಮೇಲೆ ಹಾಗನ್ನಿಸಲಿಲ್ಲ.

ಕೋಲ್ಡೋನನ್ನೂ ಕೇಳಿದೆ. ಅವನ ತಾಯಿ ಇರುವುದು ನದಿಯಾಚೆ, ಆಂಡಾಯ್‌ನಲ್ಲಿ. ನಿನ್ನ ತಾಯಿ ಯಾವ ದಡದವರು ಎಂದೆ. ಅವನು, "ಭಾನುವಾರ ಮಧ್ಯಾಹ್ನ ಫೋನ್ ಮಾಡಿ ಕೇಳ್ತೀನಿ, ಬರ್ತೀಯಾ ಅಂತ. ಒಂದೊಂದು ಸಲ ಬರಲ್ಲ ಅಂತಾಳೆ" ಎಂದ. ಇಷ್ಟೇ. ನನಗೆ ಬೇಕಾದ ಉತ್ತರ ಅದಾಗಿರಲಿಲ್ಲ, ಆದರೂ ಮನೆಗೆ ಬಂದು ಲೇಖನಿ ಹಿಡಿದೆ.

ಜೊತೆಯಲ್ಲಿರುವ ಇನ್ನೊಂದು ಹಾಳೆ ಅಮ್ಮಿಗೆ. ಉರ್ದುವಿನಲ್ಲಿ ಬರೆಯಲು ಕೂತೆ, ನನ್ನ ಅಕ್ಷರ ನನಗೇ ಓದಲಾಗಲಿಲ್ಲ. ನೀನು ಓದಿ ಹೇಳು. ಏನನ್ನೂ ಹಾರಿಸಬೇಡ.

ಅಲೀಮ್

ಆಪಾ, ನಾನು ಆಯೆಷಾ. ಇವರು ಬರೆಯದೇ ಬಿಟ್ಟದ್ದು: ಸೆಪ್ಟೆಂಬರಿನಲ್ಲಿ ಕಂಪನಿಯವರು ಎರಡು ಕೋಣೆಯ ಮನೆ ತೋರಿಸಿದಾಗ, ಇವರೇ ಹಟ ಹಿಡಿದು ಮೂರು ಕೋಣೆಯದ್ದು ಹುಡುಕಿಸಿದರು. ಮೂರನೆಯದಕ್ಕೆ ಬಿಸಿಲು ಬರುತ್ತದೆಯೇ ಎಂದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ನೋಡಿ ಬಂದರು. ಯಾರಿಗೆ ಎಂದರೆ ಬ್ರೇಕಿನ ಡ್ರಾಯಿಂಗ್ ಹರಡಲಿಕ್ಕೆ ಎಂದರು. ಇವತ್ತಿನವರೆಗೂ ಒಂದು ಡ್ರಾಯಿಂಗೂ ಒಳಗೆ ಹೋಗಿಲ್ಲ.

ಇರುನ್
26 ಜನವರಿ 2000

ಅಮ್ಮಿ,

ಅಲೀಮನ ಸಲಾಂ.

ಪಾಳಿಯ ಮಾತು ಬಿಟ್ಟುಬಿಡಿ. ನಾನೂ ಬಿಟ್ಟಿದ್ದೇನೆ. ಆಯೆಷಾ ಮತ್ತು ನಾನು ನಿಮ್ಮನ್ನು ನಮ್ಮ ಮನೆಗೆ ಕರೆಯುತ್ತಿದ್ದೇವೆ. ಬಾಗಿಲಿಗೆ ಬಂದು ನಿಂತು ಕರೆಯಬೇಕಿತ್ತು. ನಡುವೆ ಸಮುದ್ರ ಇರುವುದರಿಂದ ಕಾಗದದಲ್ಲಿ ಕರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಇಲ್ಲಿ ಯಾರ ಭಾಷೆಯೂ ನಿಮಗೆ ಬರುವುದಿಲ್ಲ, ನನಗೂ ಬರುವುದಿಲ್ಲ. ಮೀನು ಚೆನ್ನಾಗಿ ಸಿಗುತ್ತದೆ. ಬಸ್ಸು ಮನೆಯ ಮುಂದೆಯೇ ನಿಲ್ಲುತ್ತದೆ. ಬಿಸಿಲು ಬರುವ ಕೋಣೆ ಇದೆ.

ನಿಮಗೆ ಇಷ್ಟವಿದ್ದರೆ ಬನ್ನಿ. ಇಷ್ಟವಿಲ್ಲದಿದ್ದರೆ ಇಲ್ಲವೆನ್ನಿ, ನಾನು ಮತ್ತೆ ಕರೆಯುತ್ತೇನೆ.

ನಿಮ್ಮ
ಅಲೀಮ್

ಸ್ಕೋಕಿ
8 ಫೆಬ್ರವರಿ 2000

ಅಲೀಮ್ ಬೇಟಾ,

ನಾನು ಹೇಳ್ತಿದೀನಿ, ಷಹನಾಜ್ ಬರೀತಿದಾಳೆ. ನಾನು ಹೇಳಿದ್ದನ್ನೇ ಬರೀಲಿ ಅಂತ ಸುಬಿಯಾನ ಪಕ್ಕದಲ್ಲಿ ಕೂರಿಸಿಕೊಂಡಿದೀನಿ. ಅವಳಿಗೆ ಕನ್ನಡ ಬರಲ್ಲ, ಆದ್ರೆ ಅವಳು ನೋಡ್ತಾ ಇದ್ರೆ ಇವಳಿಗೆ ಸ್ವಲ್ಪ ಭಯ.

ನಿನ್ನ ಕಾಗದ ಎರಡು ಸಲ ಓದಿಸಿಕೊಂಡೆ. ಮೊದಲನೇ ಸಲ ಷಹನಾಜ್ ಅಳ್ತಿದ್ದಳು, ಏನೂ ಅರ್ಥ ಆಗಲಿಲ್ಲ. (ಸುಳ್ಳು. ನೆಗಡಿಯಾಗಿತ್ತು. – ಷ.) ಎರಡನೇ ಸಲ ಸರಿಯಾಗಿ ಓದಿದಳು.

ಫೆಬ್ರವರಿ ಒಂದು ಬಂತು, ಹೋಯ್ತು. ಆವತ್ತು ನಿನ್ನ ಕಾಗದ ಇನ್ನೂ ಬಂದಿರಲಿಲ್ಲ. ನಾನು ಇವಳ ಪಾಳೀಲೂ ಇಲ್ಲ, ನಿನ್ನ ಪಾಳೀಲೂ ಇಲ್ಲ. ಬೆಳಿಗ್ಗೆ ಎದ್ದಾಗ ಒಂದು ಥರ ಗಾಬರಿ ಆಯ್ತು, ಎಲ್ಲಿದೀನಿ ಅಂತ. ಆಮೇಲೆ ಬಸ್ ಹತ್ತಿ ಹೋಗಿ ಒಂದು ಕಟ್ಟು ಮೆಂತ್ಯ ಸೊಪ್ಪು ತಂದೆ. ಚೆನ್ನಾಗಿತ್ತು.

ಮೊನ್ನೆ ಷಹನಾಜ್ ಕೂಡ ಕರೆದಳು. ಮನೇಲಿ ಕರೆದ್ರೆ ನಾನು ನಂಬಲ್ಲ ಅಂತ ಅಂಗಡೀಲಿ, ಗಿರಾಕಿಗಳ ಮುಂದೆ, ತಲೆ ಮೇಲೆ ಸೆರಗು ಹಾಕ್ಕೊಂಡು, "ಅಮ್ಮಿ, ನಮ್ಮನೆಗೆ ಬಂದು ಇರಿ" ಅಂದಳು. ಯೋಚನೆ ಮಾಡಿ ಹೇಳ್ತೀನಿ ಅಂದೆ. ಕರೆದ ತಕ್ಷಣ ಹೂಂ ಅಂದ್ರೆ ಏನು ಮರ್ಯಾದೆ? ಸಂಜೆ ಅವಳ ಕಾರಲ್ಲೇ ಅವಳ ಮನೆಗೇ ಹೋದೆ, ಅದು ಬೇರೆ ವಿಷಯ. ದಾರಿಯಲ್ಲಿ ಹೂಂ ಅಂದೆ.

ಸುಬಿಯಾ "ನಾನಿ, ಯು ಕ್ಯಾನ್ ಹ್ಯಾವ್ ದ ಹೋಲ್ ಕ್ಲಾಸೆಟ್" ಅಂತಾಳೆ. ಇಷ್ಟು ದಿನ ಕೊಡದೇ ಇದ್ದವಳು ನಾನು ಹೋಗ್ತೀನಿ ಅಂದ ಮೇಲೆ ಕೊಡ್ತಿದಾಳೆ. ನಿಮ್ಮ ವಂಶವೇ ಹೀಗೆ.

ಈಗ ನಿನ್ನ ವಿಷಯ. ನಿನ್ನ ಕಾಗದ ತಗೊಂಡು ನಿನ್ನೆ ಆ ಕಿಟಕಿಗೆ ಮತ್ತೆ ಹೋಗಿದ್ವಿ. ಅದೇ ಹುಡುಗಿ. ಕಾಗದವನ್ನ ಗಾಜಿಗೆ ಹಚ್ಚಿ ತೋರಿಸಿ "ಸನ್ ಕಾಲ್" ಅಂದೆ. ಕನ್ನಡ ಅವಳಿಗೆ ಹೇಗೆ ಬರಬೇಕು? ಇಂಗ್ಲಿಷಲ್ಲಿ ಬರೆಸಿ, ಅಲ್ಲಿನ ಆಫೀಸಲ್ಲಿ ಸೀಲು ಹಾಕಿಸಿ ಕಳಿಸಬೇಕಂತೆ. ಬೇಗ ಕಳಿಸು. ಆದ್ರೆ ಅವಳು ನಕ್ಕಳು. ನಾನೂ ನಕ್ಕೆ.

ಬಕ್ರೀದಿಗೆ ನಿನ್ನ ಹತ್ರ ಇರ್ತೀನಿ, ಇನ್ಷಾ ಅಲ್ಲಾಹ್. ಆ ಗಂಡಸರ ಅಡಿಗೆಮನೆ ಹೊರಗಿನಿಂದ ತೋರಿಸು, ಸಾಕು.

ವಾಪಸ್ ಟಿಕೆಟ್ ಯಾವ ತಾರೀಖಿಗೆ ಮಾಡಿಸಲಿ ಅಂತ ಷಹನಾಜ್ ಬೆಳಿಗ್ಗೆಯಿಂದ ಕೇಳ್ತಿದಾಳೆ. ಫೋನಲ್ಲಿ ನೀನೂ ಕೇಳ್ತೀಯ, ಗೊತ್ತು. ಬೇಗ ಹೋಗಲಿ ಅಂತ ಕೇಳ್ತೀರೋ ಬೇಗ ಬರಲಿ ಅಂತ ಕೇಳ್ತೀರೋ, ನಿಮ್ಮನ್ನ ಹೆತ್ತ ನನಗೇ ತಿಳಿಯಲ್ಲ. ಇಬ್ಬರೂ ಕರೆದ್ರಿ, ಇಬ್ಬರ ಹತ್ರಾನೂ ಬರ್ತೀನಿ.

ಎಷ್ಟು ದಿನ ಅಂತ ಮಾತ್ರ ಕೇಳಬೇಡಿ.

ಅಮ್ಮಿ